ಹತ್ತು ಎಣಿಸಿದವರಿಗೆ

ಸೋಮವಾರ ಮಗ ಒಂದನೇ ಕ್ಲಾಸಿಗೆ ಹೋದ. ಹುಣಸೂರಿನ ಪಕ್ಕ ನಮ್ಮೂರಿನದೇ ಸರ್ಕಾರಿ ಶಾಲೆ. ಹೆಗಲಿಗೆ ಬ್ಯಾಗು, ಕೈಯಲ್ಲಿ ನೀಲಿ ಚಮಚ. ಆ ಚಮಚ ಬಿಟ್ಟು ಅವನು ಎಲ್ಲಿಗೂ ಹೊರಡಲ್ಲ. ಮೇಷ್ಟ್ರು ನೋಡಿ "ಇರಲಿ ಬಿಡಿ" ಎಂದರು. ಅಷ್ಟು ಮಾತಿಗೇ ಅವರಿಗೊಂದು ನಮಸ್ಕಾರ.

"ಗಂಡು ಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ" ಅಂತ ಎಲ್ಲರೂ ಹೇಳಿದ್ದರು. ನಾವೂ ನಂಬಿದೆವು. ಬಜೆ ತೇಯ್ದು ನಾಲಿಗೆಗೆ ಸವರಿದೆವು, ಹರಕೆ ಹೊತ್ತೆವು. ಮೂರು ತುಂಬಿದ ಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮೊದಲು ಕಿವಿ ಪರೀಕ್ಷೆ. ಕಿವಿ ಚೆನ್ನಾಗಿದೆ ಅಂದ ಮೇಲೇ ನನ್ನ ಹೆಂಡತಿ ಅವತ್ತು ಇಡ್ಲಿ ಮುಟ್ಟಿದ್ದು. ಮುಂದಿನ ಸಲ ಹೋದಾಗ 'ಆಟಿಸಂ' ಅಂದರು. ಮಾತಾಡುವುದು, ಬೇರೆಯವರ ಜೊತೆ ಬೆರೆಯುವುದು ಉಳಿದ ಮಕ್ಕಳ ಹಾಗಲ್ಲದೆ ಬೇರೆ ರೀತಿ ಬೆಳೆಯುವುದಂತೆ. ವಾಪಸ್ ಬಸ್ಸಿನಲ್ಲಿ ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಮಗ ಕಿಟಕಿಯ ಸರಳು ನೆಕ್ಕುತ್ತಾ ಕೂತಿದ್ದ.

ಅಲ್ಲಿನ ಥೆರಪಿಸ್ಟ್ ಹುಡುಗಿಗೆ ದೊಡ್ಡ ಥ್ಯಾಂಕ್ಸ್. ನಾವು "ನೀರು ಬೇಕಾ? ಹಾಲು ಬೇಕಾ? ಹೇಳು ಕಂದ" ಅಂತ ಅವನಿಗೆ ಉಸಿರಾಡಲೂ ಬಿಡುತ್ತಿರಲಿಲ್ಲ. "ಒಂದೇ ಸಲ ಕೇಳಿ ಸರ್, ಆಮೇಲೆ ಸುಮ್ನೆ ಮನಸ್ಸಲ್ಲೇ ಹತ್ತು ಎಣಿಸಿ" ಎಂದಳು. ನಾನು ಆರಕ್ಕೇ ಸೋಲುತ್ತಿದ್ದೆ. ನಮ್ಮವ್ವ ಸೋಲಲಿಲ್ಲ. ನೀರಿನ ಲೋಟ ಹಿಡಿದು ಬೆರಳಿನ ಗೆಣ್ಣು ಎಣಿಸುತ್ತಾ ಕೂರುತ್ತಿದ್ದಳು. ಒಂದು ಸಂಜೆ ಬಾಗಿಲಲ್ಲೇ ನನ್ನ ತಡೆದು ಹೇಳಿದಳು: "ಎಂಟಕ್ಕೇ 'ನೀ' ಅಂದ ಕಣೋ."

ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನಗುತ್ತಾಳೆ. ಎರಡು ವರ್ಷ ದಿನಾ ಮೈಸೂರಿಗೆ ಹೋಗಿ ಬಂದವಳು ಅವಳು. ಮಗ ಬಸ್ಸಿನ ಮೆಟ್ಟಿಲ ಮೇಲೆ ನಿಂತುಬಿಟ್ಟಾಗ "ಹತ್ತಲಿ ಬಿಡಮ್ಮ, ಗಾಡಿ ಎಲ್ಲಿಗೂ ಓಡಿ ಹೋಗಲ್ಲ" ಎನ್ನುತ್ತಿದ್ದ ಕಂಡಕ್ಟರ್ ಅಣ್ಣನನ್ನು ಮರೆಯಲಾರೆವು. ಬೇರೆ ಮಕ್ಕಳಿಗೆ ತೊಂದರೆ ಅಂತ ಒಂದು ನರ್ಸರಿ ವಾಪಸ್ ಕಳಿಸಿತ್ತು. ಅದರ ವಿಷಯ ಬೇಡ.

ಅಂಗನವಾಡಿ ಅಕ್ಕ ಹೇಳದಿದ್ದರೆ ವಿಕಲಚೇತನರಿಗೆ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸುತ್ತಲೇ ಇರಲಿಲ್ಲ. ಕೈಕಾಲು ನೆಟ್ಟಗಿರುವವನಿಗೆ ಅದೆಲ್ಲಿ ಕೊಡುತ್ತಾರೆ ಅಂದುಕೊಂಡಿದ್ದೆ. ವಿಕಲಚೇತನರ ಹಕ್ಕುಗಳ 2016ರ ಕಾನೂನು ಹೇಳುವ 21 ಬಗೆಯ ವೈಕಲ್ಯದಲ್ಲಿ ಆಟಿಸಂ ಕೂಡ ಇದೆಯಂತೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ 'ನಿರಾಮಯ' ಅನ್ನೋ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಥೆರಪಿ ಖರ್ಚಿಗೂ ಸಿಗುತ್ತದೆ ಅಂದವಳೂ ಅವಳೇ.

ಸೋಮವಾರ ನಾನು ಶಾಲೆಯ ಕಿಟಕಿ ಹತ್ತಿರವೇ ನಿಂತಿದ್ದೆ. ಮೇಷ್ಟ್ರು ಹಾಜರಿ ಕೂಗಿದರು. ಮಗನ ಹೆಸರು ಬಂತು. ಅವನು ಎಲ್ಲೋ ನೋಡುತ್ತಿದ್ದ. ಮೇಷ್ಟ್ರು ಮುಂದಿನ ಹೆಸರಿಗೆ ಹೋಗಲಿಲ್ಲ. ಎಣಿಸೋಕೆ ಅವರಿಗೆ ನಾನು ಹೇಳಿಯೇ ಇರಲಿಲ್ಲ. ನಾನಂತೂ ಎಣಿಸಿದೆ. ಒಂಬತ್ತಕ್ಕೆ ಚಮಚ ಮೇಲಕ್ಕೆತ್ತಿದ.