ಟಿಬಿ ಅಲ್ಲ ಅಂದಮೇಲೂ ಕೆಮ್ಮು ನಿಲ್ಲದಿದ್ದರೆ?

ಮಾನ್ಯ ಸಂಪಾದಕರೇ,

ನವೆಂಬರ್ ಶ್ವಾಸಕೋಶ ಕ್ಯಾನ್ಸರ್ ಜಾಗೃತಿ ತಿಂಗಳು. ಆಸ್ಪತ್ರೆ ಗೋಡೆಯ ಪೋಸ್ಟರ್ ಇರಲಿ, ಪತ್ರಿಕೆಯ ಪುರವಣಿ ಇರಲಿ, ಎಲ್ಲ ಕಡೆ ಸಿಗರೇಟಿನದೇ ಚಿತ್ರ. ತಪ್ಪೇನಿಲ್ಲ, ಈ ಕಾಯಿಲೆಗೆ ದೊಡ್ಡ ಕಾರಣ ತಂಬಾಕೇ. ಆದರೆ ಅದನ್ನು ನೋಡಿ 'ಇದು ನಮಗಲ್ಲ' ಅಂತ ಮುಂದೆ ಹೋಗುವವರೇ ಜಾಸ್ತಿ. ಬೀಡಿ, ಸಿಗರೇಟು ಯಾವತ್ತೂ ಮುಟ್ಟದ ನಮ್ಮವ್ವ ಹೋದ ವರ್ಷ ಇದೇ ಕಾಯಿಲೆಯಿಂದ ತೀರಿಕೊಂಡಳು.

ಕೆಮ್ಮು ಶುರುವಾಗಿದ್ದು ಮಳೆಗಾಲದಲ್ಲಿ. ಮೂಡಿಗೆರೆ ಮಳೆಗೆ ಕೆಮ್ಮದವರು ಯಾರು? ಮೆಣಸಿನ ಕಷಾಯ ಆಯ್ತು, ಸಿರಪ್ ಆಯ್ತು. ಕಾಫಿ ಕೊಯ್ಲು ಬಂದರೂ ಕೆಮ್ಮು ಹೋಗಲಿಲ್ಲ. ಎಕ್ಸ್‌ರೇಯಲ್ಲಿ ಮಚ್ಚೆ ಕಂಡಿತು. ಕಫದಲ್ಲಿ ಟಿಬಿ ಕ್ರಿಮಿ ಸಿಗಲಿಲ್ಲ. ಆದರೂ ಒಂದು ಖಾಸಗಿ ಆಸ್ಪತ್ರೆಯಲ್ಲಿ ಟಿಬಿ ಮಾತ್ರೆ ಶುರು ಮಾಡಿದರು. ಮಾತ್ರೆಗೆ ಮೂತ್ರ ಕೆಂಪಗಾಯಿತೇ ಹೊರತು ಕೆಮ್ಮು ಹಾಗೇ ಇತ್ತು. ರವಿಕೆ ತೋಳು ಸಡಿಲವಾಗುತ್ತಾ ಬಂತು, ಧ್ವನಿ ಗೊಗ್ಗರಾಯಿತು. ಸಿ.ಟಿ. ಸ್ಕ್ಯಾನ್, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಆಗುವ ಹೊತ್ತಿಗೆ ಕ್ಯಾನ್ಸರ್ ನಾಲ್ಕನೇ ಹಂತ, ಅಂದರೆ ಕೊನೆಯ ಹಂತ.

ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ತೂಕ ಇಳಿಯುವುದು, ಎರಡೂ ಕಾಯಿಲೆಯಲ್ಲಿ ಇರುತ್ತವೆ. ನಮ್ಮಲ್ಲಿ ಟಿಬಿ ಜಾಸ್ತಿ, ವೈದ್ಯರಿಗೆ ಮೊದಲು ಅದೇ ನೆನಪಾಗುತ್ತದೆ. ಸರಿ. ಆದರೆ ಕಫದಲ್ಲಿ ಕ್ರಿಮಿ ಇಲ್ಲ, ಮಾತ್ರೆಯಿಂದ ಗುಣವೂ ಇಲ್ಲ ಅಂದರೆ 'ಸಿ.ಟಿ. ಮಾಡಿಸಬೇಕಾ ಡಾಕ್ಟ್ರೇ?' ಅಂತ ನಾವೇ ಬಾಯಿಬಿಟ್ಟು ಕೇಳಬೇಕು. ಬಯಾಪ್ಸಿಗೆ ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತೆ ಅಂತ ನೆಂಟರು ಹೆದರಿಸುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಬಯಾಪ್ಸಿಯ ಅದೇ ಚೂರಿನಲ್ಲಿ ಇಜಿಎಫ್‌ಆರ್, ಎಎಲ್‌ಕೆ ಅನ್ನುವ ಜೀನ್ ಪರೀಕ್ಷೆಯ ಬಗ್ಗೆಯೂ ಕೇಳಿ. ಸಿಗರೇಟು ಸೇದದವರ ಗಡ್ಡೆಯಲ್ಲಿ ಈ ಜೀನ್‌ಗಳ ಬದಲಾವಣೆ ಹೆಚ್ಚಾಗಿ ಸಿಗುತ್ತದೆ, ಸಿಕ್ಕರೆ ಅದಕ್ಕೆಂದೇ ಮಾತ್ರೆಗಳಿವೆ. ಅವ್ವನಿಗೆ ಸಿಕ್ಕಿತು. ಮಾತ್ರೆ ಹಿಡಿದ ಮೇಲೆ ಎದ್ದು ಓಡಾಡಿದಳು. ಒಂದು ಬೆಳಗ್ಗೆ ತಾನೇ ಕಡುಬು ಬೇಯಿಸಿ, ನಾನು ಅರೆದ ಚಟ್ನಿಗೆ ಉಪ್ಪು ಕಮ್ಮಿ ಅಂತ ಹೆಸರಿಟ್ಟಳು. ಕಾಯಿಲೆ ಬೇಗ ಗೊತ್ತಾಗಿದ್ದರೆ ಅಂಥ ಬೆಳಗುಗಳು ಇನ್ನಷ್ಟು ಸಿಗುತ್ತಿದ್ದವೇನೋ.

ಇನ್ನು ಹೊಗೆ. ಅಡುಗೆಗೆ ಗ್ಯಾಸ್ ಬಂದರೂ ಮಲೆನಾಡಿನ ಬಚ್ಚಲಲ್ಲಿ ಹಂಡೆ ಒಲೆ ಆರಿಲ್ಲ. ಹಸಿ ಕಟ್ಟಿಗೆ ಊದುತ್ತಾ ಕೂರುವವರು ಹೆಂಗಸರೇ ಅಲ್ವಾ? ಅವ್ವನಿಗೆ ಅದರಿಂದಲೇ ಬಂತು ಅಂತ ಯಾವ ಡಾಕ್ಟರೂ ಹೇಳಲಿಲ್ಲ, ನಾನೂ ಹೇಳಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನೆಯೊಳಗಿನ ಸೌದೆ ಹೊಗೆಯನ್ನು 'ಬಹುಶಃ ಕ್ಯಾನ್ಸರ್ ತರುವಂಥದ್ದು' ಎಂಬ ಪಟ್ಟಿಗೆ ಸೇರಿಸಿದೆ. ಹೊಗೆ ಹೊರಗೆ ಹೋಗಲು ಒಂದು ಕೊಳವೆ ಹಾಕಿಸುವುದು ದೊಡ್ಡ ಖರ್ಚಲ್ಲ.

ಕೆಮ್ಮು ಇದೆಯಾ ಅಂತ ಕೇಳಲು ಆಶಾ ಕಾರ್ಯಕರ್ತೆಯರು ಮನೆಗೇ ಬರುತ್ತಾರೆ. ಟಿಬಿ ಇಲ್ಲ ಅಂತ ವರದಿ ಬಂದರೆ ಹೆಸರು ಹೊಡೆದುಹಾಕಿ ಮುಗಿಸದೆ, ಕೆಮ್ಮು ನಿಲ್ಲದವರನ್ನು ಹಾಸನಕ್ಕೋ ಚಿಕ್ಕಮಗಳೂರಿಗೋ ಎದೆ ಸ್ಕ್ಯಾನ್‌ಗೆ ಕಳಿಸುವ ಏರ್ಪಾಟನ್ನು ಆರೋಗ್ಯ ಇಲಾಖೆ ಮಾಡಲಿ.

— ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು