ಪದಕದ ಹಿಮ್ಮುಖವನ್ನು ಹಲಗೆಗೆ ಅಂಟಿಸಿ ಕಳುಹಿಸಿರುವ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಇಟಲಿಯ ಕಲಾವಿದ ಪಿಸಾನೆಲ್ಲೊ 1447ರಲ್ಲಿ ರೂಪಿಸಿದ ಚೆಚೀಲಿಯಾ ಗೊಂಜಾಗ ಪದಕದ ಪ್ರತಿಕೃತಿಯನ್ನು, ನಿಮ್ಮ ಜಾಲತಾಣದಲ್ಲಿದ್ದ ‘ಎರಡೂ ಮುಖಗಳುಳ್ಳ ಕಂಚಿನ ಎರಕ’ ಎಂಬ ವಿವರಣೆಯನ್ನು ನಂಬಿ, ನಮ್ಮ ಕಾಲೇಜಿನ ಕಲಾ ಇತಿಹಾಸ ವಿಭಾಗಕ್ಕೆಂದು ಪೂರ್ಣ ಹಣ ಪಾವತಿಸಿ ತರಿಸಿಕೊಂಡಿದ್ದೇನೆ. ಬಂದಿರುವ ವಸ್ತುವನ್ನು ಮರದ ಹಲಗೆಯೊಂದಕ್ಕೆ ಗಟ್ಟಿ ಅಂಟಿನಿಂದ ಕೂರಿಸಲಾಗಿದೆ. ಅಂಟು ಅಂಚಿನಿಂದ ಹೊರಗೆ ಒಸರಿ ಒಣಗಿದ್ದು, ಬಿಡಿಸಲು ಹೋದರೆ ಲೋಹಕ್ಕೇ ಪೆಟ್ಟಾಗುವಂತಿದೆ.

ದೂರವಾಣಿಯಲ್ಲಿ ವಿಚಾರಿಸಿದಾಗ, ಗೋಡೆಗೆ ತೂಗುಹಾಕುವ ವಸ್ತುವಿನ ಹಿಂಭಾಗವನ್ನು ಯಾರೂ ನೋಡುವುದಿಲ್ಲ ಎಂಬ ಉತ್ತರ ಬಂತು. ಈ ಪದಕದ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದಲ್ಲ. ಇಂತಹ ಪದಕಗಳನ್ನು ಮಾಡುತ್ತಿದ್ದುದೇ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಲಿಕ್ಕಾಗಿ. ಮುಮ್ಮುಖದಲ್ಲಿ ವ್ಯಕ್ತಿಯ ರೂಪವಿದ್ದರೆ, ಆ ವ್ಯಕ್ತಿ ಎಂಥವರು ಎಂಬುದನ್ನು ಹಿಮ್ಮುಖದ ಸಂಕೇತಗಳು ಹೇಳುತ್ತವೆ. ಚೆಚೀಲಿಯಾ ಇಟಲಿಯ ಮಾಂಟುವಾ ಸಂಸ್ಥಾನದ ಮೊದಲ ಮಾರ್ಕ್ವಿಸ್ (ಆಳರಸ) ಜಾನ್‌ಫ್ರಾಂಚೆಸ್ಕೊ ಗೊಂಜಾಗನ ಮಗಳು. ಆ ಕಾಲದ ಹೆಸರಾಂತ ಶಿಕ್ಷಕ ವಿಟ್ಟೊರಿನೊ ದ ಫೆಲ್ಟ್ರೆಯ ಬಳಿ ಗ್ರೀಕ್ ಕಲಿತವಳು. ಮನೆಯವರು ಗೊತ್ತುಮಾಡಿದ ಮದುವೆಯನ್ನು ಒಲ್ಲದೆ, 1444ರಲ್ಲಿ ತಂದೆ ತೀರಿಕೊಂಡ ಮರುವರ್ಷ ಕನ್ಯಾಮಠ ಸೇರಿದಳು. ಆದರೂ ಮುಮ್ಮುಖದಲ್ಲಿ ಆಕೆ ಮಠದ ಉಡುಪಿನಲ್ಲಿಲ್ಲ. ತಲೆಗೂದಲನ್ನು ಎತ್ತಿ ಕಟ್ಟಿದ ಅರಮನೆಯ ಹೆಣ್ಣುಮಗಳಾಗಿಯೇ ಇದ್ದಾಳೆ. ಸುತ್ತಲಿನ ಲ್ಯಾಟಿನ್ ಬರಹದಲ್ಲಿ ಆಕೆಯನ್ನು ‘ಕನ್ಯೆ’ ಎಂದು ಕರೆದಿರುವುದು ಏಕೆಂಬುದು ತಿಳಿಯಬೇಕಾದರೆ ಪದಕವನ್ನು ಮಗುಚಲೇಬೇಕು.

ಅಲ್ಲಿ ಬಂಡೆಗಳ ನಡುವೆ ಅರೆವಸ್ತ್ರದ ತರುಣಿಯೊಬ್ಬಳು ಕುಳಿತಿದ್ದಾಳೆ, ಪಕ್ಕದಲ್ಲಿ ಯೂನಿಕಾರ್ನ್ ಮಲಗಿದೆ, ಮೇಲೆ ಬಿದಿಗೆಯ ಚಂದ್ರನಿದ್ದಾನೆ. ಯಾವ ಬೇಟೆಗಾರನಿಗೂ ಸಿಗದ ಆ ಒಂಟಿಕೊಂಬಿನ ಪ್ರಾಣಿ ಕನ್ಯೆಯೊಬ್ಬಳಿಗೆ ಮಾತ್ರ ತಾನಾಗಿ ಒಲಿಯುತ್ತದೆ ಎಂಬುದು ಯುರೋಪಿನ ಹಳೆಯ ನಂಬಿಕೆ. ಚಂದ್ರನೋ, ಮದುವೆಯಾಗದ ರೋಮನ್ ದೇವತೆ ಡಯಾನಾಳ ಗುರುತು. ಬದಿಯಲ್ಲಿರುವ ಚಿಕ್ಕ ಕಲ್ಲುಕಂಬದ ಮೇಲೆ ಪಿಸಾನೆಲ್ಲೊ ತನ್ನನ್ನು ‘ಚಿತ್ರಕಾರ’ ಎಂದು ಕರೆದುಕೊಂಡು, ಇಸವಿಯನ್ನೂ ರೋಮನ್ ಅಂಕಿಗಳಲ್ಲಿ ಕೆತ್ತಿದ್ದಾನೆ. ನೀವು ಅಂಟಿನಡಿ ಮುಚ್ಚಿರುವುದು ಇದೆಲ್ಲವನ್ನೂ, ಕಲಾವಿದನ ಹೆಸರು ಸೇರಿದಂತೆ.

ಜೊತೆಗಿದ್ದ ಮಾಹಿತಿ ಪತ್ರದಲ್ಲಿ ಈ ದೃಶ್ಯವನ್ನು ‘ಸಾಕಿದ ಮೇಕೆಯೊಂದಿಗೆ ಚಂದ್ರದೇವತೆ’ ಎಂದು ವಿವರಿಸಲಾಗಿದೆ. ಪಿಸಾನೆಲ್ಲೊ ಆ ಪ್ರಾಣಿಗೆ ಮೇಕೆಯಂತೆ ಜೂಲುಗೂದಲು ಕೊಟ್ಟಿರುವುದು ನಿಜ; ಆದರೆ ನಿಮ್ಮದೇ ಜಾಲತಾಣದ ಚಿತ್ರದಲ್ಲಿ ಹಣೆಯ ನಡುವಿನ ನೀಳವಾದ ಒಂದೇ ಕೊಂಬು ಸ್ಪಷ್ಟವಾಗಿ ಕಾಣುತ್ತದೆ. ವಿದ್ಯಾರ್ಥಿಗಳ ಕೈಗೆ ಹೋಗುವ ವಸ್ತುವಿನ ಜೊತೆ ಇಂತಹ ವಿವರಣೆಯನ್ನು ಇಡಲು ನನ್ನಿಂದಾಗದು.

ಆದ್ದರಿಂದ ಹಲಗೆಗೆ ಅಂಟಿಸದ, ಎರಡೂ ಮುಖಗಳನ್ನು ನೋಡಬಹುದಾದ ಪ್ರತಿಯೊಂದನ್ನು ತಿದ್ದಿದ ಮಾಹಿತಿ ಪತ್ರದೊಂದಿಗೆ ನಿಮ್ಮ ವೆಚ್ಚದಲ್ಲೇ ಕಳುಹಿಸಬೇಕೆಂದು, ಅದು ಸಾಧ್ಯವಿಲ್ಲದಿದ್ದರೆ ಸಾಗಣೆ ಶುಲ್ಕವೂ ಸೇರಿದಂತೆ ಪೂರ್ಣ ಹಣವನ್ನು ಹಿಂದಿರುಗಿಸಬೇಕೆಂದು ಕೋರುತ್ತೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಉಪನ್ಯಾಸಕ, ಕಲಾ ಇತಿಹಾಸ ವಿಭಾಗ

ಲಗತ್ತು: ಬಿಲ್ಲಿನ ಪ್ರತಿ, ಹಲಗೆ ಮತ್ತು ಅಂಟಿನ ಛಾಯಾಚಿತ್ರಗಳು, ಮಾಹಿತಿ ಪತ್ರದ ನಕಲು