ಇಳಿದ ಮೇಲೆ ಫೋನ್ ಮಾಡು

ದಾವಣಗೆರೆ

ಪ್ರೀತಿಯ ಪುಟ್ಟಿ,

ನಿನ್ನೆ ವಿಮಾನ ತರಬೇತಿ ಮುಗಿಸಿ ಫೋನ್ ಮಾಡಿದಾಗ ನಿನ್ನ ದನಿ ಕುಗ್ಗಿತ್ತು. "ಎಂಟು ಲ್ಯಾಂಡಿಂಗ್‌ನಲ್ಲಿ ಐದು ಪುಟಿದವು ಅಪ್ಪಾ" ಅಂದೆ. ರಾತ್ರಿಯೆಲ್ಲ ಅದೇ ಯೋಚನೆ. ವಿಮಾನದ ವಿಷಯ ನೀನು ಹೇಳಿಕೊಟ್ಟಷ್ಟೇ ನನಗೆ ಗೊತ್ತು. ಆದರೆ ದಾವಣಗೆರೆ–ಚಿತ್ರದುರ್ಗದ ನಡುವೆ 22 ವರ್ಷ ಬಸ್ಸು ಓಡಿಸಿದ್ದೇನೆ, ಕಣ್ಣು ಎಲ್ಲಿಡಬೇಕು ಅನ್ನೋದು ಗೊತ್ತು.

ನೆಲ ಹತ್ತಿರ ಬಂದಾಗ ನೀನು ವಿಮಾನದ ಮೂಗಿನ ಮುಂದಿನ ರನ್‌ವೇಯನ್ನೇ ನೋಡುತ್ತೀಯ ಅಂತ ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದರಂತಲ್ಲ, ಅದೇ ನಿಜ. ನೀನು ಕಲಿಯುತ್ತಿರುವ ಪುಟ್ಟ ವಿಮಾನ ಸೆಸ್ನಾ 172 ಇಳಿಯಲು ಬರೋದು 65 ನಾಟ್ ಆಸುಪಾಸು, ಅಂದರೆ ಗಂಟೆಗೆ 120 ಕಿಲೋಮೀಟರ್. ಆ ವೇಗದಲ್ಲಿ ಹತ್ತಿರದ ನೆಲ ಗೆರೆಗೆರೆಯಾಗಿ ಓಡುತ್ತೆ, ಎತ್ತರ ತಿಳಿಯಲ್ಲ. ಹೊಸದಾಗಿ ರಾತ್ರಿ ಸರ್ವಿಸ್‌ಗೆ ಹೋದಾಗ ನಾನೂ ಹೆಡ್‌ಲೈಟ್ ಬಿದ್ದ ಹತ್ತು ಮಾರು ಟಾರನ್ನೇ ನೋಡುತ್ತ ಸ್ಟೀರಿಂಗ್ ಆಚೀಚೆ ಎಳೆಯುತ್ತಿದ್ದೆ. ನೋಟ ದೂರಕ್ಕೆ ಹೋದಾಗ ಕೈ ತಾನಾಗಿ ಹಗುರಾಯಿತು. ನೀನೂ ನೋಟವನ್ನು ರನ್‌ವೇಯ ಆ ತುದಿಗೆ ಸರಿಸು. ಮೂಗು ಮೆಲ್ಲಗೆ ಎತ್ತಿ ಹಿಡಿ, ಹಿಂದಿನ ಎರಡು ಗಾಲಿ ಮೊದಲು ಮುಟ್ಟಲಿ.

ಪುಟಿದರೆ ಗಾಬರಿಯಲ್ಲಿ ಮೂಗು ಕೆಳಗೆ ತಳ್ಳಬೇಡ. ಮುಂದಿನ ಗಾಲಿ ಬಡಿದರೆ ನೆಗೆತ ಇನ್ನೂ ಜೋರಾಗುತ್ತೆ. ಫುಲ್ ಥ್ರಾಟಲ್ ಕೊಟ್ಟು ಗೋ ಅರೌಂಡ್ ಮಾಡು, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಿ ಸುತ್ತಿ ಬಾ. ಹಾಗೆ ಮಾಡಿದರೆ ಸೋತ ಹಾಗೆ ಅಂದೆಯಲ್ಲ, ಅದನ್ನು ನಾನು ಒಪ್ಪಲ್ಲ. ಹೆದ್ದಾರಿ ನಾಲ್ಕು ಪಥ ಆಗೋ ಮುಂಚೆ, ಒಂದು ರಾತ್ರಿ ಭರಮಸಾಗರದ ಹತ್ತಿರ ಹತ್ತಿ ಲಾರಿಯೊಂದನ್ನು ಹಿಂದೆ ಹಾಕಲು ಅರ್ಧ ಬಸ್ಸು ಬಲಕ್ಕೆ ತಂದಿದ್ದೆ. ಎದುರಿಗೆ ಬೆಳಕು ಕಂಡಿತು. ಹಿಂದೆ ಕೂತವರು "ಹೋಗ್ರಿ, ಹೋಗ್ರಿ" ಅಂತಿದ್ದರು. ಬ್ರೇಕ್ ಒತ್ತಿ ಮತ್ತೆ ಲಾರಿಯ ಹಿಂದಕ್ಕೇ ಬಂದೆ. ಆಗ ನೀನು ಮೂರು ತಿಂಗಳ ಕೂಸು.

ಆಷಾಢ ಬಂತು. ದುರ್ಗದ ಗುಡ್ಡದ ಗಾಳಿಯಂತ್ರಗಳು ಜೋರಾಗಿ ತಿರುಗೋದು ಕಂಡಾಗಲೆಲ್ಲ ನಿಮ್ಮಲ್ಲೂ ಅಡ್ಡಗಾಳಿ ಇರಬಹುದಾ ಅನಿಸುತ್ತೆ. ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಅದರ ಎದುರು ಕಡೆಯ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ಮೂಗು ನೇರ ಇಡಬೇಕು ಅಂತ ನೀನೇ ರೊಟ್ಟಿ ಓರೆ ಹಿಡಿದು ತೋರಿಸಿದ್ದೆ. ನಿಮ್ಮಮ್ಮ ರೊಟ್ಟಿ ಬಡಿಯುವಾಗ ಈಗಲೂ ಅದನ್ನೇ ಹೇಳುತ್ತಾಳೆ.

ಮುಂದಿನ ವಾರ ಸೋಲೋ, ಅಂದರೆ ನೀನೊಬ್ಬಳೇ ಹಾರೋದು, ಇರಬಹುದು ಅಂದೆ. ಹೋಗುವ ಮುಂಚೆ ನಮಗೆ ಫೋನ್ ಮಾಡಬೇಡ, ಗಮನ ಚದುರೋದು ಬೇಡ. ಇಳಿದು, ಎಂಜಿನ್ ಆರಿಸಿ, ಗಾಲಿ ಉರುಳದಂತೆ ಅಡ್ಡ ಚಾಕ್ ಇಟ್ಟ ಮೇಲೆ ಮಾಡು. ನಾನು ಬಸ್ಸಿನಲ್ಲಿದ್ದ ವರ್ಷಗಳಲ್ಲಿ ನಿಮ್ಮಮ್ಮ ಹಾಗೇ ಕಾದವಳು. ಈ ಸಲ ಇಬ್ಬರೂ ಕಾಯುತ್ತೇವೆ.

ಇಂತಿ,
ನಿನ್ನ ಅಪ್ಪ